ಗಾಯವಾದ ಗೊಂಬೆ

“ಎತ್ತಬ್ಯಾಡ ಬೇ ಅದನ್ನ!” ಯುದ್ಧದಾಟದಲ್ಲಿ ಗುಂಡು ತಗುಲಿದ ಸಿಪಾಯಿ ಗೊಂಬೆಯನ್ನು ಮೇಜಿನಿಂದ ತೆಗೆಯಲು ಹೋದ ಸುಜಾತಾಳ ಕೈಯನ್ನು ದಶರಥ ಕಾಕಾ ಗಪ್ಪನೆ ಹಿಡಿದ.

“ಗಾಯ ಆದಂವ ಆಟದಿಂದ ಹೊರಗ. ರೂಲ್ಸಂದ್ರ ರೂಲ್ಸು!” ಎಂದಳು ಸುಜಾತಾ, ಕಾಕಾನದೇ ಹವಾಲ್ದಾರ್ ದನಿ ತೆಗೆದು. ಗೊಂಬೆಗಳಿಗೆ ಬಣ್ಣ ಬಳಿದವಳೂ, ನಿಯಮ ಬರೆದವಳೂ ಅವಳೇ. ಸೋತವರು ತೊಗರಿಬೇಳೆ ಹಸನು ಮಾಡಬೇಕೆಂಬುದೂ ಅದರಲ್ಲೊಂದು. ಫೌಜಿನಿಂದ ಕುಂಟುತ್ತ ಆಳಂದಕ್ಕೆ ಮರಳಿದ ಕಾಕಾ ಮೂರು ಭಾನುವಾರ ಬೇಳೆಯ ಕಲ್ಲು ಹೆಕ್ಕಿದ್ದ. ಇವತ್ತು ಮಾತ್ರ ಅವನ ಹತ್ತು ಸಿಪಾಯಿಗಳ ಸೆಕ್ಷನ್ನು ಸೇತುವೆ ಹಿಡಿದು ನಿಂತಿತ್ತು. ಇನ್ನೊಂದೇ ಸರದಿ ತಡೆದರೆ ಗೆಲುವು.

ಕಾಕಾ ಸೇತುವೆಯ ಮೇಲಿನ ಮಷೀನ್‌ಗನ್ನಿನ ಇಬ್ಬರನ್ನೂ ಹಿಂದಕ್ಕೆ ಸರಿಸಿ, ಬಿದ್ದವನ ಎರಡೂ ಬದಿಗೆ ನಿಲ್ಲಿಸಿದ. “ಇವ್ರು ಅವನ್ನ ಹೊತ್ಕೊಂಡು ಹೊಂಟ್ರು.”

“ಸೇತುವಿ ಹೋತಲ್ಲೋ ಕಾಕಾ! ಮತ್ತ ಸೋತಿ!”

“ಸೋತ್ರ ಸೋಲ್ತೀನಿ ಬಿಡು.” ಕಾಕಾ ಮೊಣಕಾಲು ಸವರಿಕೊಂಡು ನಕ್ಕ. “ಅವತ್ತ ನನ್ನ ಹೊತ್ಕೊಂಡು ಬಂದ ಇಬ್ರೂ ಸೋಲು ಗೆಲುವು ನೋಡ್ಲಿಲ್ಲ. ಅದಕ್ಕ ನಾ ನಿನ್ನ ಮುಂದ ಕುಂತೇನಿ.”

ಬೇಳೆಯ ಮೊರಕ್ಕೆ ಕೈ ಚಾಚಿದ ಕಾಕಾನನ್ನು ಸುಜಾತಾ ತಡೆದಳು. ನಿಯಮದ ಹಾಳೆಯಲ್ಲಿ ‘ಗಾಯ ಆದಂವ ಹೊರಗ’ ಎಂಬ ಸಾಲನ್ನು ಹೊಡೆದುಹಾಕಿ, ಮೊರವನ್ನು ತನ್ನ ಮಡಿಲಿಗೆ ಎಳೆದುಕೊಂಡಳು.