ಅಳಿಯದ ನೀಲಿ

ರೈಫಲ್ಲಿನ ಬೋಲ್ಟನ್ನು ಅರ್ಧ ಎಳೆಯುವಷ್ಟರಲ್ಲೇ ಡೀನ್ ಕೊವಾಕ್‌ನ ಮುಖ ಕಿವುಚಿಕೊಂಡಿತು. ಕರಕರ ಸದ್ದು. ಮರಳು ಬಿದ್ದ ಅನ್ನ ಅಗಿದ ಹಾಗಾಯಿತು ಅವನಿಗೆ.

ಹೇಸಿಗೆ ಬಾಗಿಲಲ್ಲೇ ಶುರುವಾಗಿತ್ತು. ಮೊಂಟಾನಾದಲ್ಲಿ ರೈಫಲ್ ಕಟ್ಟುವುದರಲ್ಲಿ ಹಾರ್ಲನ್ ವೋಸ್‌ನನ್ನು ಮೀರಿಸಿದವರಿಲ್ಲ ಎಂದು ಹೆಸರು. ಆ ದೊಡ್ಡ ಮನುಷ್ಯನ ಗಡ್ಡದಲ್ಲಿ ಬೆಳಗಿನ ಮೊಟ್ಟೆ ಒಣಗಿ ಅಂಟಿತ್ತು. ಡೀನ್‌ಗೆ ಕಾಫಿ ಸುರಿಯುವಾಗ ಎಣ್ಣೆ ಮೆತ್ತಿದ ಹೆಬ್ಬೆರಳನ್ನು ಕಪ್ಪಿನೊಳಗೇ ಇಳಿಬಿಟ್ಟುಕೊಂಡಿದ್ದ. ಕಾಫಿ ಉಗುರಿಗೆ ತಾಕಿದ ಮೇಲೆಯೇ ನಿಲ್ಲಿಸಿದ್ದು. ಡೀನ್ ಆ ಕಪ್ಪನ್ನು ಮುಟ್ಟಲಿಲ್ಲ.

ಆದರೆ ಕೆಲಸ ಬೇಕಿತ್ತು. ಬ್ಯೂಟ್ ಊರಿನಲ್ಲಿ ಅವನು ದುಡಿಯುತ್ತಿದ್ದ ಬಂದೂಕಿನ ಅಂಗಡಿ ಮುಚ್ಚಿ ಐದು ತಿಂಗಳಾಗಿತ್ತು, ಹೆಂಡತಿ ತುಂಬು ಬಸುರಿ. ವೋಸ್‌ನ ಪರೀಕ್ಷೆ ಈ ಕಸುಬಿನವರಿಗೆಲ್ಲ ಗೊತ್ತು. ಕೆಲಸ ಕೇಳಿ ಬಂದವರ ಮುಂದೆ ಕೆಟ್ಟುಹೋದ ಒಂದು ಆ್ಯಕ್ಷನ್ ಇಡುತ್ತಾನೆ. ರಿಸೀವರ್ ಎಂಬ ಉಕ್ಕಿನ ಗೂಡು, ಅದರೊಳಗೆ ಓಡಾಡುವ ಬೋಲ್ಟ್, ಅಷ್ಟೇ. ರೈಫಲ್ಲಿನ ಜೀವ ಇರುವುದು ಅಲ್ಲಿ, ನಳಿಗೆ ಮರ ಎಲ್ಲ ಆಮೇಲಿನ ಮಾತು. ದಾಕ್ಷಿಣ್ಯಕ್ಕೆ ಚೆನ್ನಾಗಿದೆ ಎಂದವರು ಬಂದ ದಾರಿ ಹಿಡಿಯಬೇಕು.

"ಹೇಗಿದೆ ಮಗಾ? ಇದರ ಮೇಲೆ ಒಳ್ಳೇ ರೈಫಲ್ ಕಟ್ಟಬಹುದಾ?" ವೋಸ್ ಕೇಳಿದ.

"ನಿಜ ಹೇಳ್ಲಾ, ಮಿಸ್ಟರ್ ವೋಸ್?"

"ಸುಳ್ಳು ಕೇಳೋಕೆ ನಿನ್ನನ್ನ ಇಷ್ಟು ದೂರ ಕರೆಸ್ತೀನಾ?"

ಮೂಲೆಯಲ್ಲಿ ಲೆಕ್ಕದ ರಸೀದಿಗಳನ್ನು ಜೋಡಿಸುತ್ತಿದ್ದ ವೋಸ್‌ನ ಹೆಂಡತಿ ಮಾರ್ಲಿಸ್ ಕೈ ನಿಲ್ಲಿಸಿದಳು.

ಗುಂಡು ಹಾರುವಾಗ ಬೋಲ್ಟನ್ನು ಹಿಡಿದಿಡುವ ಮುಂದಿನ ಎರಡು ಕಿವಿಗಳ ಹಿಂಬದಿಗೆ ಡೀನ್ ನೀಲಿ ಬಣ್ಣ ಸವರಿದ. ಬೋಲ್ಟ್ ಹಾಕಿ, ಹಿಂದಕ್ಕೆ ಒತ್ತಿ ಹಿಡಿದು, ನಾಲ್ಕು ಸಲ ತಿರುಗಿಸಿ ತೆಗೆದ. ಎರಡೂ ಕಿವಿಗಳ ಬಣ್ಣ ಸಮನಾಗಿ ಅಳಿಸಿರಬೇಕಿತ್ತು. ಒಂದರದ್ದು ಪೂರ್ತಿ ಹೋಗಿತ್ತು. ಇನ್ನೊಂದರ ಮೇಲೆ ನೀಲಿ ಸವರಿದ ಹಾಗೇ ಇತ್ತು.

"ಥೂ! ಒಂದೇ ಕಿವಿ ಕೂತಿದೆ. ಗುಂಡು ಹಾರಿಸಿದಾಗ ಪೂರ್ತಿ ಹೊಡೆತ ಇದೊಂದರ ಮೇಲೇ. ಯಾವತ್ತಾದ್ರೂ ಮುರಿದರೆ ಬೋಲ್ಟ್ ಹಾರಿ ಮುಖಕ್ಕೇ ಬರುತ್ತೆ."

"ಇನ್ನೊಂದು ಸಲ ನೋಡು. ಬಣ್ಣ ಸರಿಯಾಗಿ ಹಚ್ಚಿದ್ಯಾ?"

ಹೆದರಿಸಿ ನೋಡುತ್ತಿದ್ದಾನೆ ಮುದುಕ, ಎಂದುಕೊಂಡ ಡೀನ್. ಮತ್ತೆ ಹಚ್ಚಿದ. ಮತ್ತೆ ಅದೇ. ಈಗ ಅವನಿಗೆ ಹುರುಪು ಬಂತು.

"ರಿಸೀವರಿನ ಮುಂಭಾಗ ಓರೆಯಾಗಿ ಕಡೆದಿದ್ದಾರೆ. ತಿರುಪಿನ ಸುತ್ತಿನಲ್ಲಿ ಉಕ್ಕಿನ ಚೂರು ಇನ್ನೂ ಹೊಳೀತಿದೆ, ಎಣ್ಣೆ ವಾಸನೆ ಕೂಡ ಹೋಗಿಲ್ಲ, ತೊಳೆಯೋ ಯೋಗ್ಯತೇನೂ ಇಲ್ಲ. ಇದನ್ನ ಮಾಡಿದವನ ಕೈಗೆ ಅರ ಕೊಡಬೇಡಿ, ಚಮಚ ಕೊಡಿ. ಕಣ್ಣಿದ್ದವರು ಮಾಡೋ ಕೆಲಸಾನಾ ಇದು?"

ವೋಸ್ ಮೇಜಿನ ಅಂಚನ್ನು ಬೆರಳಿನಿಂದ ಸವರಿದ.

"ಅಂದ್ರೆ, ಇಂಥ ಕೆಲಸ ಮಾಡಿದವನನ್ನ ಅಂಗಡೀಲಿ ಇಟ್ಕೋಬಾರ್ದು."

"ಒಂದು ದಿನಾನೂ ಇಟ್ಕೋಬೇಡಿ. ಯಾರನ್ನೋ ಕೊಲ್ತಾನೆ."

"ಸರಿ. ಕೆಲಸ ನಿಂದೇ," ಎಂದ ವೋಸ್.

ಡೀನ್ ಗೆದ್ದವನಂತೆ ನಕ್ಕ. "ಈ ಪರೀಕ್ಷೆ ಮಾಲು ಎಷ್ಟು ವರ್ಷದ್ದು, ಮಿಸ್ಟರ್ ವೋಸ್?"

ಉತ್ತರ ಕೊಟ್ಟದ್ದು ಮಾರ್ಲಿಸ್. ಎದ್ದು ಬಂದು ಮೇಜಿನ ಕೆಳಗಿನ ಡ್ರಾಯರ್ ಎಳೆದು, ತುಕ್ಕು ಹಿಡಿದು ಕಂದಾದ ಒಂದು ಆ್ಯಕ್ಷನ್ ಹೊರತೆಗೆದಳು.

"ಪರೀಕ್ಷೆಗೆ ಇಡ್ತಿದ್ದದ್ದು ಇದಪ್ಪಾ. ನಿನ್ನ ಕೈಲಿರೋದು ಇವರು ಮೊನ್ನೆ ಗುರುವಾರ ಮುಗಿಸಿದ್ದು. ಇನ್ನು ಸಾಕು ಅಂತ ಡಾಕ್ಟರು ಹೇಳಿದ್ರು, ನಾನೂ ಹೇಳಿದೆ. ಕೇಳಲಿಲ್ಲ. ಕಸುಬು ಗೊತ್ತಿರೋನು ಯಾರಾದ್ರೂ ಹೇಳಲಿ, ಆಗ ಬಿಡ್ತೀನಿ ಅಂದ್ರು."

ವೋಸ್ ತನ್ನ ಏಪ್ರನ್ ಬಿಚ್ಚಿ ಮಡಿಸಿ, "ತಗೋ ಮಗಾ," ಎಂದು ಚಾಚಿದ, ಡೀನ್ ನಿಂತಲ್ಲಿಂದ ಒಂದು ಮೊಳ ಆಚೆಗೆ, ಯಾರೂ ಇಲ್ಲದ ಕಡೆಗೆ.