ಸೋರುವ ಹಂಡೆ

ಕೊಟ್ಟಿಗೆಯ ಹಿಂದೆ ಹುಲ್ಲಿನಡಿ ಸಿಕ್ಕಿದ ಹಂಡೆಯ ಮುಚ್ಚಳದಲ್ಲಿ ಕೊಳವೆಗೆ ಬೇಕಾದ ತೂತು ಆಗಲೇ ಇತ್ತು. ಅದೃಷ್ಟವೆಂದುಕೊಂಡ ಕರಿಸಿದ್ದ, ಗುಜರಿಯಿಂದ ಹಳೆಯ ಫ್ರಿಜ್ಜಿನ ತಾಮ್ರದ ಕೊಳವೆ ತಂದು ಸಿಕ್ಕಿಸಿ, ಹುಳಿಬಂದ ಬೆಲ್ಲದ ನೀರು ತುಂಬಿ ಒಲೆ ಹಚ್ಚಿದ. ಸಾರಾಯಿ ಮಾತ್ರ ಇಳಿಯಲೊಲ್ಲದು. ಮುಚ್ಚಳಕ್ಕೆ ಮೆತ್ತಿದ ಜೇಡಿಮಣ್ಣು ಬಿರಿದು ಹಬೆಯೆಲ್ಲ ಹೊರಗೆ ಹೋಗುತ್ತಿತ್ತು. ಅವನು ಕೂರುತ್ತಿದ್ದ, ಏಳುತ್ತಿದ್ದ, ಬೀದಿಯ ಕಡೆ ಇಣುಕುತ್ತಿದ್ದ.

“ನಿಮಗ್ಯಾಕೆ ಈ ಉಸಾಬರಿ? ಕಾಳಮ್ಮನ ಅಂಗಡೀಲೇ ಕುಡಿದು ಬರಬಾರ್ದಾ?” ಎಂದಳು ಹೆಂಡತಿ ದೊಡ್ಡತಾಯಿ.

“ಈ ಹಂಡೆ ಸಿಕ್ಕಿದ್ದೇ ಸಿಕ್ಕಿದ್ದು, ಅವಳತ್ರ ಮಾಲು ಬರೋದೇ ನಿಂತೋಯ್ತು ಕಣಮ್ಮಿ. ಕಾಯಿಸೋರು ಯಾರು ಅಂತ್ಲೂ ಬಾಯಿ ಬುಡಲ್ಲ. ಏನು ಕೈ ಅಂತೀಯಾ! ಯಾರಂತ ಗೊತ್ತಾದ್ರೆ ಕಾಲಿಗೆ ಬಿದ್ದು ಕಲೀತೀನಿ.”

ಅಷ್ಟು ಹೊತ್ತು ಕೈ ಹಿಸುಕಿಕೊಳ್ಳುತ್ತ ನೋಡುತ್ತಿದ್ದ ದೊಡ್ಡತಾಯಿ, ತಡೆಯಲಾರದೆ ಒಳಗಿನಿಂದ ರಾಗಿಹಿಟ್ಟು ಕಲಸಿ ತಂದಳು. ಹೆಬ್ಬೆರಳಿನಿಂದ ಮುಚ್ಚಳದ ಸುತ್ತ ಒತ್ತಿ ಮೆತ್ತಿದಳು. ಹಬೆ ನಿಂತಿತು. ಎರಡು ಕೊಳ್ಳಿ ಹೊರಗೆಳೆದು ಉರಿ ತಗ್ಗಿಸಿದಳು. ಕೊಳವೆಯ ತುದಿಯಲ್ಲಿ ಹನಿ ಕಟ್ಟಿತು. ಅವನು ಲೋಟ ಒಡ್ಡಿದ.

“ಮೊದಲ್ನೇದು ಚೆಲ್ಲಬೇಕು,” ಎಂದು ಲೋಟ ಕಿತ್ತುಕೊಂಡಳು.

“ನಿಂಗೆ ಹೆಂಗೆ ಗೊತ್ತು?”

ದೊಡ್ಡತಾಯಿ ಸೀರೆಯ ನೆರಿಗೆ ಸರಿಸಿ, ಎರಡೂ ಪಾದಗಳನ್ನು ಅವನ ಮುಂದಿಟ್ಟಳು.