ಅಮ್ಮನಿಗೆ ಹೋಗುವ ವರದಿ

ಸತ್ತವಳು ಅಂದು ಬೆಳಿಗ್ಗೆಯೂ ಕೆಲಸಕ್ಕೆ ಬಂದಿದ್ದಳು. ಕಂಪ್ಯೂಟರಿನಲ್ಲಿ ಹಾಗೆಂದೇ ಇತ್ತು: ಅವಳ ಹೆಸರು, ಪಕ್ಕದಲ್ಲೊಂದು ಹಸಿರು ಚುಕ್ಕೆ, ರನ್ ಆದ ವರದಿ ಒಂದು.

"ದೆವ್ವಕ್ಕೂ ಪಾಸ್‌ವರ್ಡ್ ನೆನಪಿರುತ್ತೇನ್ರೀ?" ಪಕ್ಕದ ಮೇಜಿನ ಲೆಕ್ಕಿಗ ಇಣುಕಿದ. "ನಾನು ಬದುಕಿದ್ದೂ ವಾರಕ್ಕೊಂದ್ಸಲ ಮರೀತೀನಿ."

ಬೀಗದಕೈ ನಗಲಿಲ್ಲ. ಪರದೆಯನ್ನು ತುಸು ಆಚೆ ತಿರುಗಿಸಿಕೊಂಡಳು.

ಔಷಧಿ ಸಗಟು ಮಾರುವ ಆ ಕಂಪನಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಬೀಗದಕೈ ಎಂದೇ. ವರದಿಗಳ ಕ್ಯಾಟಲಾಗನ್ನು ಕಾಯುವುದು ಅವಳ ಕೆಲಸ. ಯಾವ ಫೋಲ್ಡರು ಯಾರದು, ಯಾವ ವರದಿಯನ್ನು ಯಾರು ನೋಡಬಹುದು, ಯಾರು ತಿದ್ದಬಹುದು, ಯಾರಿಗೆ ಅದು ಇರುವುದೇ ಕಾಣಬಾರದು. ಕಲಿಸಿದವಳು ಅಕ್ಕ. ಒಡಹುಟ್ಟಿದವಳಲ್ಲ, ಆಫೀಸಿಗೆಲ್ಲ ಅಕ್ಕ. ಹೋದ ವರ್ಷ ಒಂದು ಬೆಳಿಗ್ಗೆ ಬಸ್ಸಿಳಿದು ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ಹೋಗಿಬಿಟ್ಟಿದ್ದಳು. ಅವಳ ಕುರ್ಚಿಯ ಮೇಲಿನ ದೀಪ, ಯಾರಾದರೂ ಕೆಳಗೆ ಬಂದರೆ ಮಾತ್ರ ಹೊತ್ತಿಕೊಳ್ಳುವಂಥದ್ದು, ಈಗಲೂ ಆಗೀಗ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಗಾಳಿಗೆ ಕಿಟಕಿಯ ಪರದೆ ಅಲ್ಲಾಡಿದ್ದಕ್ಕೆ ಎನ್ನುತ್ತಿದ್ದರು. ಕಿಟಕಿ ಮುಚ್ಚಿದ್ದಾಗ ಯಾರೂ ಏನೂ ಅನ್ನುತ್ತಿರಲಿಲ್ಲ.

ರನ್ ಆಗಿದ್ದ ವರದಿಯ ಹೆಸರು 'ಅಮ್ಮನಿಗೆ'. ಅದರಲ್ಲಿ ಅಂಕಿಯಿಲ್ಲ, ನಕ್ಷೆಯಿಲ್ಲ, ಒಂದೇ ಸಾಲು: "ಅಮ್ಮ, ಆಫೀಸು ತಲುಪಿದೆ. ಚೆನ್ನಾಗಿದ್ದೀನಿ." ಮಗಳು ತಲುಪಿದ ಸುದ್ದಿ ಬರುವ ತನಕ ತಿಂಡಿ ಮುಟ್ಟದ ತಾಯಿಗಾಗಿ ಅಕ್ಕ ಹೂಡಿದ ಉಪಾಯ. ದಿನಾ ಬೆಳಿಗ್ಗೆ ತಂತ್ರಾಂಶವೇ ಅದನ್ನು ಅಕ್ಕನ ಹೆಸರಿನಲ್ಲಿ ತಾಯಿಗೂ ತಮ್ಮನಿಗೂ ಮೇಲ್ ಮಾಡುತ್ತಿತ್ತು.

"ಅಮ್ಮನ ಆತಂಕಾನೂ ಆಟೋಮ್ಯಾಟಿಕ್ ಮಾಡ್ಬಿಟ್ಟೆ ಕಣೇ," ಎಂದು ಅಕ್ಕ ನಕ್ಕಿದ್ದಳು.

ಅವಳು ರಸ್ತೆಯಲ್ಲಿ ಬಿದ್ದಿದ್ದ ಹೊತ್ತಿಗೂ ಮೇಲ್ ಹೋಗಿತ್ತು. ಆಫೀಸು ತಲುಪಿದೆ. ಚೆನ್ನಾಗಿದ್ದೀನಿ.

ತಾಯಿಯ ಉತ್ತರ ವಿಭಾಗದ ಮೇಲ್‌ಪೆಟ್ಟಿಗೆಗೆ ಬಂದು ಬೀಳುತ್ತಿತ್ತು. "ಸರಿ ಪುಟ್ಟಿ. ಬಿಸಿಲಲ್ಲಿ ಅಲೆಯಬೇಡ." ಆಗಲೂ ಬಂತು. ಈಗಲೂ ಬರುತ್ತಿತ್ತು. ಓದುವಾಗಲೆಲ್ಲ ಬೀಗದಕೈಗೆ ತನ್ನ ಬೆನ್ನ ಹಿಂದೆ ಯಾರೋ ಬಗ್ಗಿ ಓದುತ್ತಿದ್ದಾರೆ ಅನಿಸುತ್ತಿತ್ತು.

ಆ ಮೇಲನ್ನು ಎಂದೋ ನಿಲ್ಲಿಸಿಬಿಡುತ್ತಿದ್ದಳು. ಆದರೆ ಅಕ್ಕನ ಚಪ್ಪಲಿ, ಲೋಟ ಒಯ್ಯಲು ಬಂದಿದ್ದ ತಮ್ಮ ಬೇಡಿಕೊಂಡಿದ್ದ.

"ಅದೊಂದನ್ನ ಮುಟ್ಬೇಡಿ. ಅಮ್ಮನಿಗೆ ವಿಷಯ ಹೇಳಿಲ್ಲ, ಅಕ್ಕನ್ನ ದೂರದ ಬ್ರಾಂಚಿಗೆ ಕಳ್ಸಿದ್ದಾರೆ ಅಂದಿದ್ದೀನಿ. ಅಮ್ಮನ ಹಾರ್ಟು ಮೊದಲೇ ಸರಿಯಿಲ್ಲ. ಕಿವಿ ಕೇಳಲ್ಲ, ಅದಕ್ಕೆ ಫೋನಿನ ಕಾಟ ಇಲ್ಲ. ನೋಡ್ಕೊಳ್ಳೋಕೆ ಒಬ್ಬರು ಇದ್ದಾರೆ."

"ಎಷ್ಟು ದಿನ ಹೀಗೆ?"

"ಅಮ್ಮನ ಉತ್ತರ ನನಗೂ ಬರುತ್ತೆ." ಅವನು ಲೋಟದ ಅಂಚನ್ನು ಸವರುತ್ತಿದ್ದ. "ಅಕ್ಕನ ಮೇಲು, ಅಮ್ಮನ ಉತ್ತರ, ಎರಡನ್ನೂ ಓದ್ಕೊಂಡೇ ನಾನು ಮನೆಯಿಂದ ಹೊರಡೋದು. ಏನಾದ್ರೂ ಇದ್ರೆ ನನಗೇ ಹೇಳಿ. ಮನೆಗೆ ಮಾತ್ರ ಫೋನ್ ಮಾಡ್ಬೇಡಿ."

ಒಂದು ಕ್ಲಿಕ್ಕಿನಿಂದ ಒಬ್ಬ ತಾಯಿಯನ್ನು ಕೊಲ್ಲಬಹುದು ಎಂಬುದು ಅವತ್ತು ಬೀಗದಕೈಗೆ ತಿಳಿಯಿತು. ಅಂದಿನಿಂದ ಆ ವರದಿಯನ್ನು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಟ್ಟಿದ್ದಳು.

ಮಧ್ಯಾಹ್ನ ಮುಖ್ಯಸ್ಥರು ಮೇಜಿನ ಬಳಿ ಬಂದು ನಿಂತರು. "ತಪಾಸಣೆ ಇದೆ. ಸತ್ತವರ ಹೆಸರಲ್ಲಿ ಒಂದು ಫೋಲ್ಡರೂ ಇರ್ಬಾರ್ದು. ಎಲ್ಲಾ ನಿನ್ನ ಹೆಸರಿಗೆ ಮಾಡ್ಕೋ."

"ಒಂದೇ ಒಂದು ಬಿಟ್ಟು, ಸರ್..."

"ಆ ಒಂದೇ ಅವರ ಕಣ್ಣಿಗೆ ಬೀಳೋದು. ಏನಮ್ಮಾ, ಅವಳು ವಾಪಸ್ ಬಂದು ಕೇಳ್ತಾಳಾ?"

ಅವಳು ತಲೆಯಾಡಿಸಿದಳು. ಆದರೂ ಮನಸ್ಸಿನಲ್ಲಿ ಆ ಒಂದನ್ನು ಬಿಟ್ಟೇ ಕೂತಳು. ಮೇಲಿನ ದೊಡ್ಡ ಫೋಲ್ಡರನ್ನಷ್ಟೇ ತನ್ನ ಹೆಸರಿಗೆ ಬದಲಿಸಿದಳು. ಅಕ್ಕನ ಹೆಸರು ಅಳಿಸಿ ಆ ಜಾಗಕ್ಕೆ ತನ್ನ ಹೆಸರು ಬಂದು ಕೂತಾಗ ಕಣ್ಣು ಮಂಜಾಯಿತು. ಕೆಳಗಡೆ 'ಒಳಗಿರುವ ಎಲ್ಲಕ್ಕೂ ಅನ್ವಯಿಸು' ಎಂಬಲ್ಲಿ ಮೊದಲೇ ಬಿದ್ದಿದ್ದ ಟಿಕ್ ಗುರುತನ್ನು ತೆಗೆಯಲು ಮರೆತಳು. ಹೊಸಬರಿಗೆ ಅಕ್ಕ ಬೈಯುತ್ತಿದ್ದದ್ದು ಇದೇ ತಪ್ಪಿಗೆ.

ಮರುದಿನ ಬೆಳಿಗ್ಗೆ ಮೇಲ್ ತನ್ನ ಹೊತ್ತಿಗೆ ಹೋಯಿತು. ಅಮ್ಮ, ಆಫೀಸು ತಲುಪಿದೆ. ಕಳಿಸಿದವರ ಜಾಗದಲ್ಲಿ ಬೀಗದಕೈಯ ಹೆಸರಿತ್ತು.

ಹೋದ ಮೇಲನ್ನು ಹಿಂದಕ್ಕೆ ಕರೆಯುವ ಅನುಮತಿ ಯಾರಿಗೂ ಇರಲಿಲ್ಲ. ತಮ್ಮ ಫೋನ್ ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಆ ಮುದುಕಿ ಅಷ್ಟರಲ್ಲಿ ಕನ್ನಡಕ ಹುಡುಕುತ್ತಿರಬಹುದು. ಕೊನೆಗೆ ಅಕ್ಕ ಸೇರಿದಾಗ ಕೊಟ್ಟಿದ್ದ ಮನೆಯ ನಂಬರಿಗೇ ಹಚ್ಚಿದಳು.

ಎತ್ತಿದ್ದು ಒಬ್ಬ ಹೆಂಗಸು.

"ಮನೇಲಿ ಅಮ್ಮನ್ನ ನೋಡ್ಕೊಳ್ಳೋರಾ?"

"ಹೂಂ. ಯಾರು?"

"ಅಕ್ಕನ ಆಫೀಸಿಂದ. ದಮ್ಮಯ್ಯ, ಇವತ್ತಿನ ಮೇಲ್ ಅಮ್ಮನಿಗೆ ತೋರಿಸ್ಬೇಡಿ. ಹೆಸರು ತಪ್ಪಾಗಿ ಹೋಗಿದೆ."

"ನಾನೂ ನೋಡ್ದೆ. ಯಾರಿದು ಹೊಸಬರು ಅಂತ. ಉತ್ತರ ಬರೀಲೋ ಬೇಡ್ವೋ ಅಂತ ಕೂತಿದ್ದೆ."

"ಉತ್ತರ ನೀವು ಬರೆಯೋದಾ?"

ಆ ಕಡೆ ನಲ್ಲಿ ನಿಲ್ಲಿಸಿದ ಸದ್ದು. ಆಮೇಲೆ ಬಾಗಿಲು ಮುಚ್ಚಿದ ಸದ್ದು.

"ಏನು ಬರೀಬೇಕು ಅಂತ ಅವರ ಮಗ ಹೇಳ್ಕೊಟ್ಟಿದ್ದಾರೆ," ದನಿ ಪಿಸುಗುಟ್ಟಿತು. "ಅಮ್ಮ ತೀರ್ಕೊಂಡು ತಿಂಗಳುಗಳೇ ಆದ್ವು. ಆದ್ರೆ ಆಫೀಸಲ್ಲಿ ಯಾರೂ ಬಾಯಿ ಬಿಡ್ಬೇಡಿ ತಾಯಿ, ಪರಸ್ಥಳದಲ್ಲಿ ಒಬ್ಬಳೇ ಇರೋ ಅಕ್ಕನಿಗೆ ಇದು ಗೊತ್ತಾಗ್ಬಾರ್ದಂತೆ."